ಗೃಹಿಣಿಯಾಗಿ ಬಾಳಿದ ಸಂತ ಮೋನಿಕಮ್ಮನವರು

ಧರ್ಮಸಭೆಯ ಇತಿಹಾಸ ಗ್ರಂಥಗಳಲ್ಲಿ ಜಗದ್ಗುರುಗಳ, ಧರ್ಮಾಧ್ಯಕ್ಷರ, ಮಹಾಸಭೆಗಳ, ರಕ್ತಸಾಕ್ಷಿಗಳ ಹೆಸರುಗಳು ಧಾರಾಳವಾಗಿ ದೊರೆಯುತ್ತವೆ. ಆದರೆ ಆಯಾ ಕಾಲದಲ್ಲಿ ಮನೆವಾರ್ತೆ ನಡೆಸಿ, ಮಕ್ಕಳನ್ನು ಸಾಕಿ, ತಪ್ಪದೆ ದೇವಾಲಯಕ್ಕೆ ಬಂದು, ಕೊನೆಗೆ ಸದ್ದಿಲ್ಲದೆ ಮಣ್ಣಿಗೆ ಸೇರಿದ ಸಾಮಾನ್ಯ ವಿಶ್ವಾಸಿಗಳ ದಿನಚರಿಯನ್ನು ಬರೆದಿಟ್ಟವರು ವಿರಳ. ನಾಲ್ಕನೆಯ ಶತಮಾನದ ಒಬ್ಬ ಗೃಹಿಣಿಯ ಬಾಳು ಮಾತ್ರ ಅಡಿಗೆಮನೆಯ ವಿವರಗಳೊಡನೆ ನಮಗೆ ಉಳಿದುಬಂದಿದೆ. ಆಕೆಯೇ ಸಂತ ಮೋನಿಕಮ್ಮನವರು. ಆಕೆಯ ಮಗ ಸಂತ ಅಗಸ್ಟೀನರು 397ರಿಂದ ಕೆಲವು ವರ್ಷಗಳಲ್ಲಿ ಬರೆದು ಮುಗಿಸಿದ ‘ಕನ್ಫೆಷನ್ಸ್’ ಎಂಬ ಗ್ರಂಥವೇ ಇದಕ್ಕೆ ಆಧಾರ. ಮಗನಿಗಾಗಿ ಅತ್ತ ತಾಯಿ ಎಂದು ನಾವೆಲ್ಲರೂ ಆಕೆಯನ್ನು ಬಲ್ಲೆವು. ಆದರೆ ಅತ್ತದ್ದಕ್ಕಿಂತ ಹೆಚ್ಚಾಗಿ, ತಾನು ಹಿಡಿದುಕೊಂಡಿದ್ದನ್ನು ಒಂದೊಂದಾಗಿ ದೇವರಿಗೆ ಬಿಟ್ಟುಕೊಟ್ಟ ತಾಯಿ ಆಕೆ ಎಂಬುದು ಆ ಬಾಳನ್ನು ಪರಿಶೀಲಿಸಿದವರಿಗೆ ತಿಳಿಯದಿರದು.

ಮೋನಿಕಮ್ಮನವರು ಸುಮಾರು ಕ್ರಿ.ಶ. 332ರಲ್ಲಿ ಉತ್ತರ ಆಫ್ರಿಕದ ತಗಾಸ್ತೆ ಎಂಬ ಸಣ್ಣ ಪಟ್ಟಣದಲ್ಲಿ ಜನಿಸಿದರು. ಇಂದಿನ ಅಲ್ಜೀರಿಯ ದೇಶದ ಸೂಕ್ ಅಹ್ರಾಸ್ ನಗರವೇ ಅದು. ರೋಮ್ ಸಾಮ್ರಾಜ್ಯದಲ್ಲಿ ಕ್ರೈಸ್ತರಿಗೆ 313ರಲ್ಲಿ ಸ್ವಾತಂತ್ರ್ಯ ದೊರೆತು ಆಗ ಸುಮಾರು ಇಪ್ಪತ್ತು ವರ್ಷಗಳಾಗಿದ್ದವಷ್ಟೆ. ಆಕೆಯದು ಕ್ರೈಸ್ತ ಮನೆತನ. ತಂದೆಯನ್ನೂ ಕೂಸಾಗಿದ್ದಾಗ ಬೆನ್ನ ಮೇಲೆ ಹೊತ್ತು ಆಡಿಸಿದ್ದ ಒಬ್ಬ ಮುದುಕಿಯೇ ಆ ಮನೆಯ ಹೆಣ್ಣುಮಕ್ಕಳಿಗೆ ಶಿಸ್ತು ಕಲಿಸಿದವಳು. ಊಟದ ಹೊತ್ತಿನ ಹೊರತು ನೀರನ್ನೂ ಕುಡಿಯಗೊಡದಷ್ಟು ಬಿಗಿ ಆಕೆಯದು. ಅಷ್ಟಾದರೂ, ಪೀಪಾಯಿಯಿಂದ ದ್ರಾಕ್ಷಾರಸ ತರಲು ಹೋಗುತ್ತಿದ್ದ ಬಾಲಕಿ ಮೋನಿಕ ಮೊದಲು ತುಟಿಗೆ ಸೋಕಿಸಿ, ದಿನಕ್ಕಷ್ಟು ಹೆಚ್ಚಿಸುತ್ತ, ಬಟ್ಟಲು ತುಂಬ ಕುಡಿಯುವ ಚಟಕ್ಕೆ ಬಿದ್ದಳು. ಒಂದು ದಿನ ಜಗಳದ ನಡುವೆ ಮನೆಯ ದಾಸಿಯೊಬ್ಬಳು ಕುಡುಕಿ ಎಂದು ಹಂಗಿಸಿದಳು. ಬಾಲಕಿ ನಾಚಿ ಅಂದಿನಿಂದಲೇ ಅದನ್ನು ಬಿಟ್ಟಳು. ಸಂತರೆಲ್ಲರೂ ತೊಟ್ಟಿಲಲ್ಲೇ ಸಂತರಾಗಿದ್ದರೆಂದು ಭಾವಿಸುವವರು ಈ ಪ್ರಸಂಗವನ್ನು ನೆನೆಯಬೇಕು.

ಪ್ರಾಯಕ್ಕೆ ಬಂದ ಮೇಲೆ ಆಕೆಯನ್ನು ಪತ್ರೀಸಿಯಸ್ ಎಂಬಾತನಿಗೆ ಮದುವೆ ಮಾಡಿಕೊಟ್ಟರು. ಆತ ಪಟ್ಟಣದ ಆಡಳಿತ ಮಂಡಲಿಯ ಸದಸ್ಯ, ಅಲ್ಪಸ್ವಲ್ಪ ಆಸ್ತಿಯುಳ್ಳವನು, ಕ್ರೈಸ್ತನಲ್ಲ. ಮಮತೆಯುಳ್ಳವನಾದರೂ ಮುಂಗೋಪಿ, ಪತ್ನಿಗೆ ನಿಷ್ಠನಾಗಿಯೂ ಇರಲಿಲ್ಲ. ಆತ ಸಿಟ್ಟಿನಲ್ಲಿದ್ದಾಗ ಮೋನಿಕಮ್ಮನವರು ಮಾತಿಗೆ ಮಾತು ಬೆಳೆಸುತ್ತಿರಲಿಲ್ಲ. ಸಿಟ್ಟು ಇಳಿದ ಮೇಲೆ ತಮ್ಮ ಕಡೆಯ ನ್ಯಾಯವನ್ನು ತಿಳಿಯಹೇಳುತ್ತಿದ್ದರು. ನೆರೆಹೊರೆಯ ಹೆಂಗಸರ ಮೈಮೇಲೆ ಗಂಡಂದಿರ ಹೊಡೆತದ ಗುರುತುಗಳಿದ್ದವು. ಪತ್ರೀಸಿಯಸ್ ಮಾತ್ರ ತನ್ನ ಹೆಂಡತಿಯ ಮೇಲೆ ಕೈಮಾಡಿದ್ದನ್ನು ಯಾರೂ ಕೇಳಿರಲಿಲ್ಲ. ಇದನ್ನೋದಿ, ಹೊಡೆತ ಸಹಿಸುವುದೇ ಪುಣ್ಯವೆಂದು ಯಾವ ಸಹೋದರಿಯೂ ತಿಳಿಯಬಾರದು. ಹೊಡೆಯುವ ಪುರುಷನಿಗೆ ಇದು ಸಮರ್ಥನೆಯೂ ಅಲ್ಲ. ಹೆಂಡತಿಯನ್ನು ದಾಸಿಯಂತೆ ಎಣಿಸಿದ ಕಾಲದಲ್ಲಿ ಒಬ್ಬ ಹೆಣ್ಣುಮಗಳು ಕಂಡುಕೊಂಡ ದಾರಿ ಅದು, ಅಷ್ಟೇ.

ಅದೇ ಮನೆಯಲ್ಲಿ ಅತ್ತೆಯೂ ಇದ್ದರು. ದಾಸಿಯರ ಚಾಡಿಮಾತು ಕೇಳಿ ಅತ್ತೆಗೆ ಸೊಸೆಯ ಮೇಲೆ ಮುನಿಸು ಉಂಟಾಯಿತು. ಸೊಸೆಯ ತಾಳ್ಮೆಯನ್ನೂ ಉಪಚಾರವನ್ನೂ ಕಂಡು ಕ್ರಮೇಣ ಅತ್ತೆಯ ಮನಸ್ಸು ಕರಗಿತು. ಚಾಡಿ ಹೇಳಿದವರನ್ನು ಆಕೆಯೇ ಮಗನ ಮುಂದೆ ಬಯಲಿಗೆಳೆದರು. ಮೋನಿಕಮ್ಮನವರಿಗೆ ಇನ್ನೊಂದು ಅಪರೂಪದ ಗುಣವಿತ್ತು. ಪರಸ್ಪರ ಮುನಿದ ಇಬ್ಬರು ಹೆಂಗಸರು ಆಕೆಯ ಬಳಿ ಬಂದು ಒಬ್ಬರ ಮೇಲೊಬ್ಬರು ಕಾರಿಕೊಂಡರೆ, ಅವರನ್ನು ಒಂದುಗೂಡಿಸಬಲ್ಲ ಮಾತನ್ನು ಮಾತ್ರ ಆ ಕಡೆಗೆ ಮುಟ್ಟಿಸಿ, ಉಳಿದದ್ದನ್ನು ತಮ್ಮಲ್ಲೇ ಇರಿಸಿಕೊಳ್ಳುತ್ತಿದ್ದರು. ಮಹಾಜ್ಞಾನಿಯಾದ ಮಗನು ತಾಯಿಯ ಈ ಗುಣವನ್ನು ಬರೆದಿಡಲು ಮರೆಯಲಿಲ್ಲ.

354ರ ನವೆಂಬರ್ 13ರಂದು ಅಗಸ್ಟೀನನು ಹುಟ್ಟಿದನು. ನವೀಜಿಯಸ್ ಎಂಬ ಇನ್ನೊಬ್ಬ ಮಗನೂ ಒಬ್ಬ ಮಗಳೂ ಇದ್ದರು. ಅಂದಿನ ಪದ್ಧತಿಯಂತೆ ಕೂಸಿಗೆ ಶಿಲುಬೆಯ ಗುರುತು ಹಾಕಿ, ನಾಲಿಗೆಗೆ ಉಪ್ಪು ಮುಟ್ಟಿಸಿದರೇ ಹೊರತು ಜ್ಞಾನಸ್ನಾನ ಮಾಡಿಸಲಿಲ್ಲ. ಯೌವನದ ಪಾಪಗಳು ಕಳೆದ ಮೇಲೆ ಅದನ್ನು ಪಡೆಯುವುದು ಮೇಲೆಂದು ಆಗ ಅನೇಕ ಕ್ರೈಸ್ತರು ಎಣಿಸುತ್ತಿದ್ದರು. ಪತ್ರೀಸಿಯಸ್ ತನ್ನ ಕೊನೆಗಾಲದಲ್ಲಿ ಜ್ಞಾನಸ್ನಾನ ಪಡೆದು ಸುಮಾರು 371ರಲ್ಲಿ ತೀರಿಕೊಂಡನು. ನಲವತ್ತು ತುಂಬುವ ಮೊದಲೇ ವಿಧವೆಯಾದ ಮೋನಿಕಮ್ಮನವರು ದಿನವೂ ಬಡವರಿಗೆ ಭಿಕ್ಷೆ ನೀಡುತ್ತ, ಬೆಳಿಗ್ಗೆ ಮತ್ತು ಸಂಜೆ ಎರಡು ಹೊತ್ತೂ ದೇವಾಲಯಕ್ಕೆ ಹೋಗುತ್ತಿದ್ದರು.

ಅಷ್ಟರಲ್ಲಿ ಕಾರ್ಥೇಜ್ ನಗರಕ್ಕೆ ಓದಲು ಹೋಗಿದ್ದ ಅಗಸ್ಟೀನನು ಮದುವೆಯಿಲ್ಲದೆ ಒಬ್ಬ ಹೆಂಗಸಿನೊಡನೆ ಸಂಸಾರ ಹೂಡಿದ್ದನು. ಅವರಿಗೊಬ್ಬ ಮಗ ಹುಟ್ಟಿದನು. ಹೆಸರು ಅದೆಯೊದಾತುಸ್, ನಮ್ಮ ನುಡಿಯಲ್ಲಿ ದೇವದತ್ತ ಎಂದಂತೆ. ಹತ್ತೊಂಬತ್ತರ ಹರೆಯದಲ್ಲಿ ಅಗಸ್ಟೀನನು ಒಳಿತು ಕೆಡಕುಗಳೆಂಬ ಎರಡು ಮೂಲಶಕ್ತಿಗಳನ್ನು ಸಾರುವ ಮಾನಿಯ ಪಂಥವನ್ನೂ ಸೇರಿದನು. ತಾಯಿ ಮೊದಲು ಅವನೊಡನೆ ಒಂದೇ ಪಂಕ್ತಿಯಲ್ಲಿ ಉಣ್ಣಲೂ ಒಪ್ಪಲಿಲ್ಲ. ಆಮೇಲೆ, ತಾನು ನಿಂತಲ್ಲಿಯೇ ಮಗನೂ ಬಂದು ನಿಂತಂತೆ ಒಂದು ಕನಸು ಕಂಡು ಮತ್ತೆ ಮನೆಗೆ ಸೇರಿಸಿಕೊಂಡರು. ಮಗನೊಡನೆ ವಾದಿಸಿ ಬುದ್ಧಿ ಹೇಳಿರೆಂದು ಒಬ್ಬ ಧರ್ಮಾಧ್ಯಕ್ಷರನ್ನು ಪೀಡಿಸಿದರು. ಅವರು ವಾದಕ್ಕೆ ಒಪ್ಪದೆ, ಇಷ್ಟು ಕಣ್ಣೀರಿಗೆ ಪಾತ್ರನಾದ ಮಗನು ಕೆಟ್ಟುಹೋಗಲಾರನೆಂದು ಹೇಳಿ ಕಳುಹಿಸಿದರು.

383ರಲ್ಲಿ ಅಗಸ್ಟೀನನು ರೋಮಿಗೆ ಹೊರಟನು. ಹೋಗಬೇಡವೆಂದು ಗೋಗರೆದ ತಾಯಿಗೆ, ಗೆಳೆಯನನ್ನು ಬೀಳ್ಕೊಡಲು ಬಂದೆನೆಂದು ಸುಳ್ಳು ಹೇಳಿದನು. ಬಂದರಿನ ಹತ್ತಿರದ ಸಂತ ಸಿಪ್ರಿಯನರ ಸ್ಮಾರಕದಲ್ಲಿ ಆಕೆ ರಾತ್ರಿಯಿಡೀ ಪ್ರಾರ್ಥಿಸುತ್ತಿರಲು ಹಡಗು ಹೊರಟುಹೋಯಿತು. ಮಗ ಹೋಗದಿರಲಿ ಎಂಬುದೇ ಆಕೆಯ ಅಂದಿನ ಪ್ರಾರ್ಥನೆ. ದೇವರು ಅದನ್ನು ಈಡೇರಿಸಲಿಲ್ಲ. ಈಡೇರಿಸಿದ್ದರೆ ಅಗಸ್ಟೀನನು ಮಿಲಾನಿನ ಧರ್ಮಾಧ್ಯಕ್ಷ ಸಂತ ಅಂಬ್ರೋಸರನ್ನು ಕಾಣುವುದು ಹೇಗೆ? ನಮ್ಮ ಬೇಡಿಕೆಗಳು ಬರಿಗೈಯಲ್ಲಿ ಹಿಂದಿರುಗಿದಂತೆ ತೋರುವಾಗ ಈ ಬಂದರಿನ ರಾತ್ರಿಯನ್ನು ಸ್ಮರಿಸುವುದು ಒಳ್ಳೆಯದು.

385ರಲ್ಲಿ ಮೋನಿಕಮ್ಮನವರೂ ಸಮುದ್ರ ದಾಟಿ ಮಿಲಾನಿಗೆ ಬಂದರು. ಬಿರುಗಾಳಿಯೆದ್ದಾಗ ನಾವಿಕರಿಗೆ ಧೈರ್ಯ ಹೇಳಿದವರು ಆಕೆಯೇ. ಆಫ್ರಿಕದ ವಿಶ್ವಾಸಿಗಳು ರಕ್ತಸಾಕ್ಷಿಗಳ ಸಮಾಧಿಗಳಿಗೆ ಗಂಜಿ, ರೊಟ್ಟಿ, ದ್ರಾಕ್ಷಾರಸಗಳನ್ನು ಬುಟ್ಟಿಯಲ್ಲಿ ಒಯ್ದು ಹಂಚಿಕೊಳ್ಳುವ ವಾಡಿಕೆಯಿತ್ತು. ಆಕೆ ಮಿಲಾನಿನಲ್ಲಿಯೂ ಹಾಗೆಯೇ ಒಯ್ದಾಗ ಬಾಗಿಲು ಕಾಯುವವನು ತಡೆದನು. ಈ ನೆಪದಲ್ಲಿ ಕುಡಿತ ಹೆಚ್ಚುವುದೆಂದೂ, ಇದು ಅನ್ಯಮತೀಯರ ಪಿತೃಕಾರ್ಯವನ್ನು ಹೋಲುವುದೆಂದೂ ಅಂಬ್ರೋಸರು ಅದನ್ನು ನಿಷೇಧಿಸಿದ್ದರು. ಬಾಲ್ಯದಿಂದ ಬಂದ ಆಚಾರವನ್ನು ಆಕೆ ಗೊಣಗದೆ ಬಿಟ್ಟರು. ಬುಟ್ಟಿಯಲ್ಲಿದ್ದದ್ದು ಬಡವರ ಪಾಲಾಯಿತು. ಶನಿವಾರ ರೋಮಿನವರಂತೆ ಉಪವಾಸ ಮಾಡಬೇಕೋ, ಮಿಲಾನಿನವರಂತೆ ಉಣ್ಣಬೇಕೋ ಎಂಬ ಸಂದೇಹವೂ ಆಕೆಯನ್ನು ಕಾಡಿತು. ಮಗನೇ ಹೋಗಿ ಕೇಳಿದಾಗ, ಇರುವ ಊರಿನ ಸಭೆಯ ಪದ್ಧತಿಯನ್ನು ಅನುಸರಿಸಬೇಕೆಂದು ಅಂಬ್ರೋಸರು ತಿಳಿಸಿದರು. 386ರಲ್ಲಿ ರಾಜಮಾತೆ ಜಸ್ಟೀನಳ ಕಡೆಯವರು ಆರಿಯಸ್ ಪಂಥಕ್ಕಾಗಿ ದೇವಾಲಯವನ್ನು ಕಿತ್ತುಕೊಳ್ಳಲು ಯತ್ನಿಸಿದಾಗ, ರಾತ್ರಿಯೆಲ್ಲಾ ಎಚ್ಚತ್ತು ಕಾವಲಿದ್ದ ಜನರಲ್ಲಿ ಮೋನಿಕಮ್ಮನವರು ಮುಂಚೂಣಿಯಲ್ಲಿದ್ದರು.

ಆಕೆಯಲ್ಲಿ ಲೋಕದಾಸೆಯೂ ಇತ್ತೆಂಬುದನ್ನು ಮರೆಮಾಡಬೇಕಾಗಿಲ್ಲ. ಮಗನಿಗೆ ಒಳ್ಳೆಯ ಮನೆತನದ ಹೆಣ್ಣನ್ನು ತರಬೇಕೆಂದು ಆಕೆ ಮುಂದಾಗಿ ಸಂಬಂಧ ಗೊತ್ತುಮಾಡಿದರು. ಅದಕ್ಕೆ ಅಡ್ಡಿಯಾಗಿದ್ದ ಆ ಹೆಂಗಸು, ಇನ್ನಾವ ಪುರುಷನನ್ನೂ ಸೇರೆನೆಂದು ಹರಕೆ ಹೊತ್ತು, ಹೆತ್ತ ಮಗನನ್ನು ಬಿಟ್ಟು ಆಫ್ರಿಕಕ್ಕೆ ಹಿಂದಿರುಗಬೇಕಾಯಿತು. ಅವಳ ಹೆಸರೂ ಉಳಿದಿಲ್ಲ. ಆ ಮದುವೆಯೂ ನಡೆಯಲಿಲ್ಲ. 386ರಲ್ಲಿ ಮನಪರಿವರ್ತನೆ ಹೊಂದಿದ ಅಗಸ್ಟೀನರು ವಿವಾಹವನ್ನೂ ಪದವಿಯನ್ನೂ ತೊರೆದರು. ಮೊಮ್ಮಕ್ಕಳ ಆಸೆಯನ್ನು ಬಿಟ್ಟು ತಾಯಿ ಸಂತೋಷಪಟ್ಟರು. ಕಸ್ಸಿಸಿಯಾಕುಮ್ ಎಂಬ ಹಳ್ಳಿಮನೆಯಲ್ಲಿ ಮಗನೂ ಗೆಳೆಯರೂ ತತ್ತ್ವವಿಚಾರ ಮಾಡುತ್ತಿದ್ದಾಗ ಊಟೋಪಚಾರ ನೋಡಿಕೊಂಡವರೂ, ನಡುನಡುವೆ ಬಂದು ವಿದ್ವಾಂಸರು ಬೆರಗಾಗುವಂತೆ ಮಾತನಾಡಿದವರೂ ಆಕೆಯೇ. 387ರ ಪಾಸ್ಕದ ಜಾಗರಣೆಯಂದು ಅಗಸ್ಟೀನರೂ ಅದೆಯೊದಾತುಸನೂ ಅಂಬ್ರೋಸರಿಂದ ಜ್ಞಾನಸ್ನಾನ ಪಡೆದರು.

ಅದೇ ವರ್ಷ ಆಫ್ರಿಕಕ್ಕೆ ಮರಳಲೆಂದು ಎಲ್ಲರೂ ರೋಮಿನ ಬಂದರಾದ ಓಸ್ತಿಯಕ್ಕೆ ಬಂದರು. ಅಲ್ಲಿ ಒಂದು ದಿನ ತಾಯಿಮಗ ಇಬ್ಬರೇ ತೋಟದ ಕಡೆಯ ಕಿಟಕಿಗೆ ಒರಗಿ ನಿತ್ಯಜೀವದ ಆನಂದವನ್ನು ಕುರಿತು ಮಾತನಾಡಿದರು. ಇನ್ನು ಈ ಲೋಕದಲ್ಲಿ ತನಗೇನೂ ಉಳಿದಿಲ್ಲವೆಂದು ತಾಯಿ ಹೇಳಿದರು. ಕೆಲವು ದಿನಗಳಲ್ಲೇ ಜ್ವರ ಬಂತು. ಗಂಡನ ಪಕ್ಕದಲ್ಲೇ ತಮ್ಮ ಸಮಾಧಿಯೂ ಇರಬೇಕೆಂದು ಆಕೆ ಊರಿನಲ್ಲಿ ಜಾಗ ಗೊತ್ತುಮಾಡಿ ಇಟ್ಟಿದ್ದರು. ಪರದೇಶದಲ್ಲಿ ಸಾಯುವುದು ಬೇಡವೆಂದು ನವೀಜಿಯಸ್ ಹೇಳಿದಾಗ, ಆಕೆ ಆ ಕೊನೆಯ ಆಸೆಯನ್ನೂ ಬಿಟ್ಟುಕೊಟ್ಟರು. ದೇಹವನ್ನು ಎಲ್ಲಿಯಾದರೂ ಮಣ್ಣು ಮಾಡಿರಿ, ನೀವು ಎಲ್ಲಿದ್ದರೂ ದೇವರ ಪೀಠದ ಬಳಿ ನನ್ನನ್ನು ನೆನೆಯಿರಿ ಎಂಬುದಷ್ಟೇ ಆಕೆಯ ಕೋರಿಕೆ. ಜ್ವರದ ಒಂಬತ್ತನೆಯ ದಿನ, ಐವತ್ತಾರನೆಯ ವಯಸ್ಸಿನಲ್ಲಿ ಆಕೆ ಕಣ್ಮುಚ್ಚಿದರು.

1430ರಲ್ಲಿ ಜಗದ್ಗುರು ಐದನೆಯ ಮಾರ್ಟಿನರ ಕಾಲದಲ್ಲಿ ಆಕೆಯ ಅವಶೇಷಗಳನ್ನು ರೋಮಿಗೆ ತಂದರು. ಇಂದು ಅವು ಅಲ್ಲಿನ ಸಂತ ಅಗಸ್ಟೀನರ ದೇವಾಲಯದಲ್ಲಿವೆ. 1945ರಲ್ಲಿ ಓಸ್ತಿಯದ ದೇವಾಲಯದ ಪಕ್ಕದಲ್ಲಿ ಹುಡುಗರು ಆಟದ ಕಂಬ ನೆಡಲು ಗುಂಡಿ ತೋಡಿದಾಗ, ಆಕೆಯ ಸಮಾಧಿಯ ಮೇಲಿದ್ದ ಶಾಸನದ ಒಂದು ತುಂಡು ಸಿಕ್ಕಿತು. ಆಕೆಯ ಹಬ್ಬ ಆಗಸ್ಟ್ 27ರಂದು, ಮಗನ ಹಬ್ಬ ಮರುದಿನ.

ಪ್ರಿಯ ಭಕ್ತಾದಿಗಳೇ, ನೂರು ವರ್ಷಗಳ ಈ ಸಂಭ್ರಮದಲ್ಲಿ ನಾವು ಗುರುಗಳನ್ನೂ ದಾನಿಗಳನ್ನೂ ಹೆಸರಿಟ್ಟು ಸ್ಮರಿಸುವುದು ಯುಕ್ತವೇ. ಆದರೆ ಈ ಧರ್ಮಕೇಂದ್ರದ ವಿಶ್ವಾಸವನ್ನು ತಲೆಮಾರಿನಿಂದ ತಲೆಮಾರಿಗೆ ದಾಟಿಸಿದವರು, ಮಗುವಿನ ಹಣೆಯ ಮೇಲೆ ಶಿಲುಬೆಯ ಗುರುತು ಹಾಕಿದ ಅಜ್ಜಿಯರು, ಕುಡುಕ ಗಂಡನಿಗಾಗಿಯೂ ದೂರ ಹೋದ ಮಗನಿಗಾಗಿಯೂ ಜಪಸರ ಹಿಡಿದು ಕುಳಿತ ತಾಯಂದಿರು. ಅವರ ಬಾಳನ್ನು ಬರೆಯಲು ಅವರಿಗೊಬ್ಬ ಅಗಸ್ಟೀನರು ಇರಲಿಲ್ಲ. ಅನೇಕರ ಸಮಾಧಿಗೆ ಕಲ್ಲೂ ಇಲ್ಲ. ಮೋನಿಕಮ್ಮನವರು ಕೇಳಿದ್ದು ಕಲ್ಲನ್ನಲ್ಲ, ಬಲಿಪೀಠದ ಬಳಿಯ ನೆನಪನ್ನು. ಅದನ್ನು ನೀಡಲು ಬಡವರಿಗೂ ಸಾಧ್ಯ. ಮುಂದಿನ ಪೂಜೆಯಲ್ಲಿ ಮೃತರಿಗಾಗಿ ಪ್ರಾರ್ಥಿಸುವಾಗ, ನಿಮ್ಮ ಮನೆಯ ಅಂಥ ಒಬ್ಬರ ಹೆಸರನ್ನಾದರೂ ಮನಸ್ಸಿನಲ್ಲಿ ಉಚ್ಚರಿಸಿರಿ.