ಸಂತ ಯೂದ ತದ್ದಾಯನವರ ಚರಿತ್ರೆ

ಸಂತ ಜೂಡ್ ಅಂತ ಭಕ್ತಾದಿಗಳು ಪ್ರೀತಿಯಿಂದ ಕರೆಯುವ ಪ್ರೇಷಿತ ಯೂದ ತದ್ದಾಯನವರ ಹೆಸರು ಕೇಳಿದ ಕೂಡಲೇ ಹೊಸಬರು ಸ್ವಲ್ಪ ಗಾಬರಿಯಾಗುವುದುಂಟು. ಯೇಸುಸ್ವಾಮಿಯನ್ನು ಮೂವತ್ತು ಬೆಳ್ಳಿ ನಾಣ್ಯಕ್ಕೆ ಹಿಡಿದುಕೊಟ್ಟವನೂ ಯೂದನೇ ಅಲ್ಲವೇ? ಹೌದು, ಅವನ ಹೆಸರೂ ಯೂದ. ಅವನು ಇಸ್ಕರಿಯೋತಿನ ಯೂದ, ಇವರು ಬೇರೆ. ಇಬ್ಬರೂ ಹನ್ನೆರಡು ಮಂದಿಯಲ್ಲಿ ಸೇರಿದವರು, ಒಂದೇ ಪಂಕ್ತಿಯಲ್ಲಿ ಕೂತು ಉಂಡವರು.

ಯೂದ ಎಂಬುದು ಆ ಕಾಲದ ಯೆಹೂದ್ಯರಲ್ಲಿ ಬಹಳ ಮರ್ಯಾದೆಯ ಹೆಸರು. ಪಿತಾಮಹ ಯಕೋಬರ ನಾಲ್ಕನೇ ಮಗನ ಹೆಸರದು. ಕ್ರಿ.ಪೂ. 164ರಲ್ಲಿ ಜೆರುಸಲೇಮಿನ ದೇವಾಲಯವನ್ನು ಶುದ್ಧಿಮಾಡಿದ ವೀರ ಮಕ್ಕಬಿಯನ ಹೆಸರೂ ಅದೇ. ಹಾಗಾಗಿ ನಮ್ಮ ಊರುಗಳಲ್ಲಿ ಒಂದೇ ಬೀದಿಗೆ ನಾಲ್ಕು ಜನ ಅಂತೋಣಪ್ಪ, ಚೌರಪ್ಪ ಇರುವಂತೆ ಅಲ್ಲಿ ಎಲ್ಲಿ ನೋಡಿದರೂ ಯೂದರೇ. ಕಣ್ಣು ಕಾಣದ ಸಂತ ಪೌಲರು ದಮಸ್ಕದ ನೇರ ಬೀದಿಯಲ್ಲಿ ಇಳಿದುಕೊಂಡಿದ್ದು ಒಬ್ಬ ಯೂದನ ಮನೆಯಲ್ಲಿ. ಅಂತಿಯೋಕ್ಯಕ್ಕೆ ಪತ್ರ ತೆಗೆದುಕೊಂಡು ಹೋದವನು ಬಾರ್ಸಬ್ಬನೆಂಬ ಇನ್ನೊಬ್ಬ ಯೂದ. ದಂಗೆಯೆದ್ದು ಸತ್ತ ಗಲಿಲೇಯದ ಯೂದ ಮತ್ತೊಬ್ಬ.

ಇಷ್ಟು ಜನರ ನಡುವೆ ನಮ್ಮ ಸಂತರನ್ನು ಗುರುತಿಸುವುದು ಹೇಗೆ? ಸಂತ ಲೂಕರು ತಮ್ಮ ಪಟ್ಟಿಯಲ್ಲಿ ಇವರನ್ನು ಯಕೋಬನ ಯೂದ ಎನ್ನುತ್ತಾರೆ. ಸಂತ ಮತ್ತಾಯ ಮತ್ತು ಮಾರ್ಕರ ಪಟ್ಟಿಯಲ್ಲಿ ಆ ಹೆಸರೇ ಇಲ್ಲ, ಆ ಜಾಗದಲ್ಲಿ ತದ್ದಾಯ ಅಂತ ಇದೆ. ಉಳಿದ ಹನ್ನೊಂದು ಹೆಸರು ತಾಳೆಯಾಗುವುದರಿಂದ ಇಬ್ಬರೂ ಒಬ್ಬರೇ ಎಂದು ಧರ್ಮಸಭೆ ಹಿಂದಿನಿಂದ ನಂಬಿಕೊಂಡು ಬಂದಿದೆ. ದ್ರೋಹಿಯ ಹೆಸರಿನ ಕಳಂಕ ತಟ್ಟದಿರಲೆಂದೇ ತದ್ದಾಯ ಎಂದು ಬರೆದಿರಬಹುದು ಎಂದು ಕೆಲವು ಪಂಡಿತರ ಊಹೆ. ಸಂತ ಯೊವಾನ್ನರಂತೂ ಕಡೇ ಭೋಜನದಲ್ಲಿ ಇವರು ಮಾತಾಡಿದ್ದನ್ನು ಬರೆಯುವಾಗ ಇಸ್ಕರಿಯೋತಿನವನಲ್ಲ ಅಂತ ಸೇರಿಸಿಯೇ ಮುಂದೆ ಹೋಗುತ್ತಾರೆ. ಸ್ವಾಮಿಯು ಲೋಕಕ್ಕೆಲ್ಲ ಪ್ರಕಟವಾಗದೆ ತಮಗೆ ಮಾತ್ರ ಏಕೆ ಪ್ರಕಟವಾಗುವುದೆಂದು ಇವರು ಕೇಳಿದ್ದರು. ಶುಭಸಂದೇಶದಲ್ಲಿ ಇವರ ಬಾಯಿಂದ ಬಂದದ್ದು ಆ ಒಂದೇ ಪ್ರಶ್ನೆ.

ಯಕೋಬನ ಯೂದ ಎಂದರೆ ಯಕೋಬನ ಮಗನೋ, ತಮ್ಮನೋ? ಗ್ರೀಕಿನಲ್ಲಿ ಆ ಮಾತು ಬಂದರೆ ಸಾಮಾನ್ಯವಾಗಿ ಮಗ ಎಂದೇ ಅರ್ಥ. ಹಳೆಯ ಭಾಷಾಂತರಗಳಲ್ಲಿ ತಮ್ಮ ಎಂದು ಮಾಡಿದ್ದಕ್ಕೆ ಕಾರಣ ಬೈಬಲಿನ ಯೂದನ ಪತ್ರ. ಅದನ್ನು ಬರೆದವರು ತಮ್ಮನ್ನು ಯಕೋಬರ ತಮ್ಮ ಎಂದು ಹೇಳಿಕೊಂಡಿದ್ದಾರೆ. ನಜರೇತಿನ ಜನ ಹೆಸರಿಸಿದ ಯೇಸುಸ್ವಾಮಿಯ ಬಂಧುಗಳಲ್ಲೂ ಒಬ್ಬ ಯಕೋಬ, ಒಬ್ಬ ಯೂದ ಇದ್ದಾರೆ. ಪಶ್ಚಿಮದ ಸಂಪ್ರದಾಯ ಈ ಮೂವರು ಯೂದರನ್ನೂ ಒಬ್ಬರೇ ಎಂದು ಸೇರಿಸಿಬಿಟ್ಟಿತು. ಈಗಿನ ಪಂಡಿತರಲ್ಲಿ ಹೆಚ್ಚಿನವರು ಅದನ್ನು ಒಪ್ಪುವುದಿಲ್ಲ. ಸ್ವಾಮಿಯ ಬಂಧುಗಳು ಆಗಿನ್ನೂ ಅವರನ್ನು ನಂಬಿರಲಿಲ್ಲವೆಂದು ಯೊವಾನ್ನರೇ ಬರೆದಿದ್ದಾರೆ. ಪತ್ರ ಬರೆದವರೂ ಪ್ರೇಷಿತರನ್ನು ತಮ್ಮಿಂದ ಬೇರೆಯವರೆಂಬಂತೆ ನೆನೆಯುತ್ತಾರೆ.

ಆ ಬಂಧು ಯೂದರ ಮೊಮ್ಮಕ್ಕಳದೊಂದು ಕಥೆ ಉಂಟು, ಯೌಸೇಬಿಯನೆಂಬ ಇತಿಹಾಸಕಾರರು 4ನೇ ಶತಮಾನದಲ್ಲಿ ಬರೆದಿಟ್ಟದ್ದು. ದಾವೀದ ರಾಜನ ವಂಶದವರೆಂದು ದೂರು ಹೋಗಿ, ಚಕ್ರವರ್ತಿ ದೊಮಿತಿಯನು ಅವರನ್ನು ಹಿಡಿಸಿ ತರಿಸಿದ. ಆಸ್ತಿ ಎಷ್ಟಿದೆ ಅಂತ ಕೇಳಿದ. ಇಬ್ಬರದೂ ಸೇರಿ 39 ಪ್ಲೆತ್ರ ಹೊಲ, ಬೆಲೆ 9,000 ದಿನಾರಿ, ಅದನ್ನೇ ಉತ್ತು ಕಂದಾಯ ಕಟ್ಟುತ್ತೇವೆಂದು ಹೇಳಿ ಜಡ್ಡುಗಟ್ಟಿದ ಅಂಗೈ ತೋರಿಸಿದರು. ಇವರಿಂದೇನು ಅಪಾಯ ಎಂದು ಚಕ್ರವರ್ತಿ ಬಿಟ್ಟುಬಿಟ್ಟನಂತೆ. ಪ್ರೇಷಿತರ ಮೊಮ್ಮಕ್ಕಳೆಂದು ಇದನ್ನು ಹೇಳುವವರಿದ್ದಾರೆ, ಅದು ಅಷ್ಟು ಖಚಿತವಲ್ಲ. ಆದರೂ ಒಕ್ಕಲುಮಕ್ಕಳು ಮರೆಯಬಾರದ ಕಥೆ.

ಸಂತರ ಸ್ವರೂಪವನ್ನು ಸರಿಯಾಗಿ ನೋಡಿದವರಿಗೆ ಎದೆಯ ಮೇಲೆ ಸ್ವಾಮಿಯ ಮುಖವಿರುವ ಪದಕ ಕಾಣುತ್ತದೆ. ಕಾಯಿಲೆ ಬಿದ್ದ ಎದೆಸ್ಸದ ರಾಜ ಅಬ್ಗಾರನ ಕಥೆಯಿಂದ ಬಂದದ್ದು ಅದು. ಎದೆಸ್ಸ ಎಂದರೆ ಈಗಿನ ತುರ್ಕಿಯ ಉರ್ಫಾ ಪಟ್ಟಣ. ಆದರೆ ರಾಜನನ್ನು ಗುಣಪಡಿಸಿದ ತದ್ದಾಯರು ಎಪ್ಪತ್ತು ಶಿಷ್ಯರಲ್ಲಿ ಒಬ್ಬರೆಂದು ಯೌಸೇಬಿಯನವರೇ ಹೇಳಿರುವುದರಿಂದ ಇಲ್ಲೂ ಹೆಸರಿನ ಗೊಂದಲವೇ! ತಲೆಯ ಮೇಲಿನ ಜ್ವಾಲೆ ಪವಿತ್ರಾತ್ಮರು ಇಳಿದುಬಂದ ಗುರುತು, ಕೈಯಲ್ಲಿನ ದೊಣ್ಣೆ ರಕ್ತಸಾಕ್ಷಿ ಮರಣದ ಗುರುತು. ಪರ್ಷಿಯದಲ್ಲಿ ಸಂತ ಸಿಮೋನರ ಜೊತೆ ಪ್ರಾಣಕೊಟ್ಟರೆಂದು ಪಶ್ಚಿಮದವರ ನಂಬಿಕೆ. ಇಬ್ಬರ ಅವಶೇಷಗಳೂ ರೋಮಿನ ಸಂತ ಪೇತ್ರರ ಮಹಾದೇವಾಲಯದಲ್ಲಿವೆ. ಅರ್ಮೇನಿಯದವರು ಮಾತ್ರ ತದ್ದಾಯರ ಸಮಾಧಿ ಇರುವುದು ಇರಾನಿನ ವಾಯವ್ಯ ಭಾಗದ ಬೆಟ್ಟಗಳ ನಡುವಿನ ಮಠದಲ್ಲೆಂದು ಪ್ರತಿವರ್ಷ ಜುಲೈನಲ್ಲಿ ಯಾತ್ರೆ ಹೋಗುತ್ತಾರೆ.

ಇಸ್ಕರಿಯೋತನ ನೆನಪಾದೀತೆಂದು ಜನ ಇವರನ್ನು ಕರೆಯಲು ಹೆದರುತ್ತಿದ್ದರು, ಅದಕ್ಕೇ ಯಾರೂ ಕೈಹಿಡಿಯದ ಕಷ್ಟಕ್ಕೆ ಇವರೇ ಒದಗುತ್ತಾರೆಂಬುದು ಭಕ್ತರ ಮಾತು. 1929ರಲ್ಲಿ ಅಮೆರಿಕದ ಶಿಕಾಗೋದಲ್ಲಿ ಕೆಲಸ ಕಳೆದುಕೊಂಡ ಮೆಕ್ಸಿಕೋದ ಉಕ್ಕಿನ ಕಾರ್ಮಿಕರು ಇವರ ನವೇನಕ್ಕೆ ಗುಂಪುಗುಂಪಾಗಿ ಬಂದರು. ಹಬ್ಬದ ಮಾರನೇ ದಿನವೇ ನ್ಯೂಯಾರ್ಕಿನ ಷೇರುಪೇಟೆ ಬಿದ್ದು ದೇಶಕ್ಕೆ ದೇಶವೇ ನಿರುದ್ಯೋಗಕ್ಕೆ ಬಿತ್ತು. ನವೇನ ಊರಿಂದೂರಿಗೆ ಹರಡಿದ್ದು ಆ ವರ್ಷಗಳಲ್ಲಿ.

ಹಬ್ಬ ಅಕ್ಟೋಬರ್ 28ರಂದು, ಸಂತ ಸಿಮೋನರದೂ ಅಂದೇ. ಆ ಸಿಮೋನರೂ ಪೇತ್ರರೆಂಬ ಸಿಮೋನರಲ್ಲ, ಬೇರೆಯವರು.