ಗಣಿತಜ್ಞ ಅಲೊಂಜೊ ಚರ್ಚ್

ಗಣಕಯಂತ್ರವು ಹುಟ್ಟುವ ಮೊದಲೇ ಅದರ ಶಕ್ತಿಯ ಎಲ್ಲೆಯನ್ನು ಕಂಡುಕೊಂಡವರಲ್ಲಿ ಅಲೊಂಜೊ ಚರ್ಚ್ ಅಗ್ರಗಣ್ಯರು. ನಮ್ಮ ದ್ವಾರಕೆಯಲ್ಲಿಯೇ ಗಣಕಶಾಸ್ತ್ರವನ್ನು ಬೋಧಿಸುವ ವಿಶ್ವವಿದ್ಯಾಲಯಗಳಿವೆ. ಮುಂದೆ ಅಂಥ ವಿದ್ಯಾಲಯಗಳ ಮೆಟ್ಟಿಲನ್ನೇರಲಿರುವ ನಮ್ಮ ವಿದ್ಯಾರ್ಥಿಗಳು ಈ ಮಹನೀಯರ ಜೀವನವನ್ನು ಅರಿತಿರುವುದು ಉಚಿತವೆಂದು ಭಾವಿಸಿ, ಅದನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸುತ್ತೇವೆ.

ಚರ್ಚರು 1903ನೆಯ ಇಸವಿ ಜೂನ್ 14ರಂದು ಅಮೆರಿಕದ ವಾಷಿಂಗ್ಟನ್ ನಗರದಲ್ಲಿ ಜನಿಸಿದರು. ತಂದೆ ನ್ಯಾಯಾಧೀಶರಾಗಿದ್ದರು, ದೃಷ್ಟಿ ಮಂದವಾದುದರಿಂದ ಹುದ್ದೆಯನ್ನು ಕಳೆದುಕೊಂಡರು. ಚಿಕ್ಕಪ್ಪನ ನೆರವಿನಿಂದ ಬಾಲಕನ ವಿದ್ಯಾಭ್ಯಾಸವು ಮುಂದುವರಿಯಿತು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ 1924ರಲ್ಲಿ ಪದವಿಯನ್ನೂ 1927ರಲ್ಲಿ ಡಾಕ್ಟರೇಟನ್ನೂ ಪಡೆದ ಅವರು, 1929ರಲ್ಲಿ ಅಲ್ಲಿಯೇ ಅಧ್ಯಾಪಕರಾದರು.

ಒಂದು ಸಂಖ್ಯೆಯನ್ನು ತೆಗೆದುಕೊಂಡು ಅದಕ್ಕೆ ಎರಡನ್ನು ಕೂಡಿಸಬೇಕೆಂಬುದು ಒಂದು ನಿಯಮವೆನ್ನೋಣ. ಐದನ್ನು ಕೊಟ್ಟರೆ ಏಳು ಬರುತ್ತದೆ. ಕೊಟ್ಟುದರಿಂದ ಫಲವನ್ನು ಪಡೆಯುವ ಇಂಥ ನಿಯಮಕ್ಕೆ ಫಲನವೆಂದು ಹೆಸರು. ಇದನ್ನು ಬರೆಯಲು ಚರ್ಚರು ಲ್ಯಾಂಬ್ಡಾ ಎಂಬ ಗ್ರೀಕ್ ಅಕ್ಷರವನ್ನು ಗುರುತಾಗಿ ಬಳಸಿದರು. ಬರಲಿರುವ ಸಂಖ್ಯೆಗಾಗಿ ಒಂದು ಅಕ್ಷರವನ್ನು ಇರಿಸಿಕೊಳ್ಳುವುದು, ಸಂಖ್ಯೆ ಬಂದೊಡನೆ ಅಕ್ಷರದ ಸ್ಥಾನದಲ್ಲಿ ಅದನ್ನು ಇಡುವುದು. ಇದೇ ಅದರ ಕ್ರಮ. ಒಂದು ಫಲನಕ್ಕೆ ಇನ್ನೊಂದು ಫಲನವನ್ನೇ ಕೊಡಲೂಬಹುದು. ಮೂರು ಎಂಬ ಸಂಖ್ಯೆ ಕೂಡ ಇಲ್ಲಿ ಒಂದು ಫಲನವೇ. ಕೊಟ್ಟ ಕೆಲಸವನ್ನು ಮೂರು ಬಾರಿ ಮಾಡುವುದೇ ಅದರ ಅರ್ಥ. ಇಷ್ಟು ಅಲ್ಪ ಸಾಮಗ್ರಿಯಿಂದ ಸಂಕಲನ, ಗುಣಾಕಾರ ಮೊದಲಾದ ಲೆಕ್ಕಗಳೆಲ್ಲವನ್ನೂ ಕಟ್ಟಬಹುದೆಂಬುದು ಸೋಜಿಗದ ಸಂಗತಿ.

ತರ್ಕಶಾಸ್ತ್ರಕ್ಕೆ ಹೊಸ ತಳಹದಿಯನ್ನು ಹಾಕುವ ಉದ್ದೇಶದಿಂದ ಚರ್ಚರು 1932ರಲ್ಲಿ ಈ ಗುರುತುಗಳಿಂದ ಕೂಡಿದ ಒಂದು ವ್ಯವಸ್ಥೆಯನ್ನು ಪ್ರಕಟಿಸಿದರು. ಅವರ ತರಗತಿಯಲ್ಲಿ ಕ್ಲೀನಿ ಮತ್ತು ರಾಸರ್ ಎಂಬ ಇಬ್ಬರು ಶಿಷ್ಯರು ಇದನ್ನು ಶ್ರದ್ಧೆಯಿಂದ ಅಭ್ಯಸಿಸಿದರು. 1935ರಲ್ಲಿ ಆ ಶಿಷ್ಯರೇ ಅದರಲ್ಲಿ ವಿರೋಧವಿದೆಯೆಂದು ಸಾಧಿಸಿ ತೋರಿಸಿದರು. ಅದರಿಂದ ನಿಜವನ್ನು ಸಾಧಿಸಬಹುದಾದಂತೆ ಸುಳ್ಳನ್ನೂ ಸಾಧಿಸಬಹುದಾಗಿತ್ತು! ವರ್ಷಗಳ ಶ್ರಮವು ಕುಸಿದು ಬಿದ್ದಂತಾಯಿತು.

ಚರ್ಚರು ಹಟಕ್ಕೆ ಬೀಳಲಿಲ್ಲ, ಎಲ್ಲವನ್ನೂ ಬಿಸುಡಲೂ ಇಲ್ಲ. ದೋಷವಿದ್ದ ತರ್ಕಭಾಗವನ್ನು ಬಿಟ್ಟು ಫಲನಗಳ ಭಾಗವನ್ನು ಉಳಿಸಿಕೊಂಡರು. ಉಳಿದ ಭಾಗವು ನಿರ್ದೋಷವೆಂಬುದನ್ನು 1936ರಲ್ಲಿ ಅದೇ ರಾಸರರೊಡನೆ ಸೇರಿ ಸಾಧಿಸಿದರು. ಅದೇ ಇಂದಿನ ಲ್ಯಾಂಬ್ಡಾ ಕ್ಯಾಲ್ಕುಲಸ್. ಯಾವ ಯಾಂತ್ರಿಕ ವಿಧಾನದಿಂದಲೂ ಬಿಡಿಸಲಾಗದ ಪ್ರಶ್ನೆಗಳು ಗಣಿತದಲ್ಲಿವೆಯೆಂದು ಅದೇ ವರ್ಷ ಅದರ ಮೂಲಕ ತೋರಿಸಿದರು. ಇಂಗ್ಲೆಂಡಿನ ತರುಣ ಅಲನ್ ಟ್ಯೂರಿಂಗ್ ಬೇರೆ ದಾರಿಯಿಂದ ಇದೇ ನಿರ್ಣಯಕ್ಕೆ ಬಂದು, ಬಳಿಕ ಪ್ರಿನ್ಸ್‌ಟನ್ನಿಗೆ ಹೋಗಿ ಚರ್ಚರ ಶಿಷ್ಯರಾಗಿ 1938ರಲ್ಲಿ ಡಾಕ್ಟರೇಟ್ ಪಡೆದರು.

1958ರಲ್ಲಿ ಜಾನ್ ಮೆಕಾರ್ತಿಯವರು ಆರಂಭಿಸಿದ ಲಿಸ್ಪ್ ಎಂಬ ಗಣಕಭಾಷೆಯು ಚರ್ಚರ ಗುರುತನ್ನು ಸ್ವೀಕರಿಸಿತು. ಫಲನಗಳನ್ನೇ ಜೋಡಿಸಿ ಕಾರ್ಯಕ್ರಮ ರಚಿಸುವ ಪದ್ಧತಿಗೆ ಇಂದಿಗೂ ಲ್ಯಾಂಬ್ಡಾ ಕ್ಯಾಲ್ಕುಲಸ್ಸೇ ಬುನಾದಿ.

1967ರಲ್ಲಿ ಚರ್ಚರು ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವನ್ನು ಸೇರಿ, 1990ರ ವರೆಗೆ ಪಾಠ ಹೇಳಿದರು. 1995ನೆಯ ಆಗಸ್ಟ್ 11ರಂದು ತಮ್ಮ 92ನೆಯ ವಯಸ್ಸಿನಲ್ಲಿ ದಿವಂಗತರಾದರು.

ಶಿಷ್ಯನಿಂದ ಸೋಲನ್ನು ಬಯಸುವವನೇ ಗುರುವೆಂಬುದು ನಮ್ಮ ಹಿರಿಯರ ನಂಬಿಕೆ. ಚರ್ಚರ ಬಾಳು ಅದಕ್ಕೆ ನಿದರ್ಶನ. ಪಾಠವನ್ನು ಪರೀಕ್ಷಿಸಿ ನೋಡುವ ಧೈರ್ಯವೂ ದೋಷ ಕಂಡಾಗ ತಿದ್ದಿಕೊಳ್ಳುವ ವಿನಯವೂ ನಮ್ಮ ವಿದ್ಯಾರ್ಥಿಗಳಲ್ಲಿ ಬೆಳೆಯಲೆಂದು ಹಾರೈಸುತ್ತೇವೆ.