ಮರಗಾಲಿನ ಕುಂಬಾರನು



ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಗಳ ಹಳ್ಳಿಗಳಲ್ಲಿ ಸಕ್ಕರೆ ರೋಗದ ಹುಣ್ಣಿನಿಂದಲೋ ರಸ್ತೆಯ ಅಪಘಾತದಿಂದಲೋ ಕಾಲನ್ನು ಕಳೆದುಕೊಂಡವರು ಉಂಟು. ನಿನ್ನೆಯ ತನಕ ನೇಗಿಲು ಹಿಡಿದವನು ಇಂದು ಜಗಲಿಯ ಮೇಲೆ ಕುಳಿತು, ಕಾಲಿನೊಡನೆ ತನ್ನ ಕಸುಬೂ ಮರ್ಯಾದೆಯೂ ಹೋದವೆಂದು ಒಳಗೊಳಗೇ ನೋಯುತ್ತಾನೆ. ಅಂಥವರಿಗಾಗಿಯೂ ಅವರ ಮನೆಯವರಿಗಾಗಿಯೂ ನಾವು ಇಂಗ್ಲೆಂಡಿನ ಒಬ್ಬ ಕುಂಬಾರನ ಚರಿತ್ರೆಯನ್ನು ಹೇಳಬಯಸುತ್ತೇವೆ. ಯೋಷೀಯ ಅರಸನ ಹೆಸರನ್ನೇ ಪಡೆದಿದ್ದ ಈತನು ಜೊಸಾಯಾ ವೆಜ್‌ವುಡ್.

ಈತನು 1730ರಲ್ಲಿ ಬರ್ಸ್ಲೆಮ್ ಎಂಬ ಊರಿನ ಕುಂಬಾರರ ಮನೆಯಲ್ಲಿ ಹುಟ್ಟಿದನು. 1739ರಲ್ಲಿ ತಂದೆಯು ತೀರಿಕೊಳ್ಳಲು, ಚಿಕ್ಕ ವಯಸ್ಸಿನಲ್ಲೇ ಮಣ್ಣಿನ ಕೆಲಸಕ್ಕೆ ಸೇರಿದನು. ಬಾಲ್ಯದಲ್ಲಿ ಬಂದ ಸಿಡುಬು ಪ್ರಾಣವನ್ನು ಉಳಿಸಿತು, ಆದರೆ ಬಲ ಮೊಣಕಾಲನ್ನು ಕೆಡಿಸಿತು. ನಮ್ಮ ಕುಂಬಾರನು ತಿಗರಿಯನ್ನು ಕೋಲಿನಿಂದ ತಿರುಗಿಸುವನು. ಅಲ್ಲಿಯವರು ಕಾಲಿನಿಂದ ಒದ್ದು ತಿರುಗಿಸುತ್ತಿದ್ದರು. ಕಾಲಿಲ್ಲದೆ ತಿಗರಿಯಿಲ್ಲ, ತಿಗರಿಯಿಲ್ಲದೆ ಕುಂಬಾರನಿಲ್ಲ ಎಂಬ ಸ್ಥಿತಿ ಒದಗಿತು. ಆದರೆ ಈತನು ಕಸುಬನ್ನು ಬಿಡದೆ, ಮಣ್ಣಿನ ಹದ, ಮೆರುಗು, ಆವಿಗೆಯ ಬೆಂಕಿ ಇವುಗಳನ್ನು ಪರೀಕ್ಷಿಸುತ್ತಾ ಬಂದನು. 1759ರಲ್ಲಿ ಸ್ವಂತ ಕಾರ್ಖಾನೆಯನ್ನು ತೆರೆದನು. 1765ರಲ್ಲಿ ಷಾರ್ಲೆಟ್ ರಾಣಿಯೇ ಈತನಿಂದ ಪಾತ್ರೆಗಳನ್ನು ಮಾಡಿಸಿಕೊಂಡಳು.

ಮೊಣಕಾಲಿನ ನೋವು ಮಾತ್ರ ಬಿಡಲಿಲ್ಲ. 1768ನೆಯ ಮೇ 28ರಂದು ವೈದ್ಯರು ಆ ಕಾಲನ್ನು ಕತ್ತರಿಸಿದರು. ಅರಿವು ತಪ್ಪಿಸುವ ಈಥರ್ ಔಷಧವನ್ನು ಶಸ್ತ್ರಚಿಕಿತ್ಸೆಯಲ್ಲಿ ಬಹಿರಂಗವಾಗಿ ಬಳಸಿ ತೋರಿಸಿದ್ದು 1846ರಲ್ಲಿ. ಆದಕಾರಣ ಈತನು ಎಚ್ಚರವಾಗಿದ್ದೇ ಆ ವೇದನೆಯನ್ನು ಸಹಿಸಬೇಕಾಯಿತು. ಅದೇ ವರುಷದಲ್ಲಿ ಎಳೆಯ ಮಗನೂ ತೀರಿಕೊಂಡನು. ಈ ದುಃಖಗಳ ನಡುವೆ ಈತನು ಮರದ ಕಾಲನ್ನು ಕಟ್ಟಿಕೊಂಡು ಕೆಲಸಕ್ಕೆ ಹಿಂದಿರುಗಿದನು.

1769ನೆಯ ಜೂನ್ 13ರಂದು ಎಟ್ರೂರಿಯ ಎಂಬ ಹೊಸ ಕಾರ್ಖಾನೆಯು ಪ್ರಾರಂಭವಾಯಿತು. ಆ ದಿನ ವೆಜ್‌ವುಡ್ ತಿಗರಿಯ ಮುಂದೆ ಕುಳಿತನು. ಪಾಲುದಾರನೂ ಸ್ನೇಹಿತನೂ ಆದ ಥಾಮಸ್ ಬೆಂಟ್ಲಿಯು ಚಕ್ರವನ್ನು ತಿರುಗಿಸಿದನು. ಈತನು ತನ್ನ ಕೈಗಳಿಂದಲೇ ಹೂದಾನಿಗಳನ್ನು ಎತ್ತಿದನು. ಕಾಲು ಮಾಡಲಾರದ ಕೆಲಸವನ್ನು ಸ್ನೇಹಿತನ ಕೈ ಮಾಡಿತು. ಕುಂಬಾರನು ಕುಂಬಾರನಾಗಿಯೇ ಉಳಿದನು.

ತಾನು ನೊಂದವನು ನೊಂದವರನ್ನು ಮರೆಯಲಿಲ್ಲ. 1787ರಲ್ಲಿ, ಸಂಕೋಲೆ ತೊಟ್ಟು ಮೊಣಕಾಲೂರಿ, ತಾನೂ ಮನುಷ್ಯನೂ ಸಹೋದರನೂ ಅಲ್ಲವೇ ಎಂದು ಕೇಳುವ ದಾಸನ ಚಿತ್ರವುಳ್ಳ ಬಿಲ್ಲೆಗಳನ್ನು ಮಾಡಿಸಿ ಹಂಚಿದನು. 1795ನೆಯ ಜನವರಿ 3ರಂದು ತೀರಿಕೊಂಡನು. ಬ್ರಿಟಿಷರ ದಾಸವ್ಯಾಪಾರವನ್ನು ನಿಷೇಧಿಸಿದ ಶಾಸನವು 1807ರಲ್ಲಿ ಆಯಿತು.

ಸಹೋದರ ಸಹೋದರಿಯರೇ, ಕುಂಬಾರನು ಕೆಟ್ಟ ಪಾತ್ರೆಯ ಮಣ್ಣನ್ನು ಬಿಸಾಡದೆ ಮತ್ತೊಂದು ಪಾತ್ರೆಯಾಗಿ ಮಾಡುವುದನ್ನು ಯೆರೆಮೀಯನು ಕಂಡನಷ್ಟೆ. ಇಂದು ವೆಜ್‌ವುಡ್ಡನಿಗಿಲ್ಲದ ಸಹಾಯಗಳೂ ಇವೆ. 1968ರಲ್ಲಿ ರಾಮಚಂದ್ರ ಶರ್ಮನೆಂಬ ಶಿಲ್ಪಿಯೂ ಡಾಕ್ಟರ್ ಸೇಠಿಯವರೂ ಸಿದ್ಧಪಡಿಸಿದ ಜೈಪುರದ ಕಾಲನ್ನು ತೊಟ್ಟವರು ಕುಕ್ಕರಗಾಲಿನಲ್ಲಿ ಕೂಡಬಲ್ಲರು, ಕೆಸರುಗದ್ದೆಯಲ್ಲಿ ನಡೆಯಬಲ್ಲರು. ಆದರೆ ಮರುಕವೊಂದೇ ಸಾಲದು. ಕಾಲು ಕಳೆದುಕೊಂಡವನಿಗೆ ಅವನ ಕೈಗೆ ಒಗ್ಗುವ ಕೆಲಸ ಬೇಕು, ಬೆಂಟ್ಲಿಯಂಥ ಜೊತೆಗಾರನೂ ಬೇಕು. ನಮ್ಮ ಸಭೆಯಲ್ಲಿ ಯಾರ ತಿಗರಿ ನಿಂತಿದೆ, ಅದನ್ನು ತಿರುಗಿಸುವವರು ಯಾರು ಎಂಬುದನ್ನು ನಾವೆಲ್ಲರೂ ಪ್ರಾರ್ಥನೆಯಿಂದ ಯೋಚಿಸೋಣ.